ಪೇಟೆಯಲ್ಲೊಂದು ಸಣ್ಣ ಮನೆ: ಯಾರಿಗೆ, ಎಷ್ಟು ದಿನಕ್ಕೆ?

ರಜೆ ಮುಗಿಸಿ ಊರಿಂದ ವಾಪಸು ಬಂದವರನ್ನು ಮಾತಾಡಿಸಿದರೆ ಈಗೀಗ ಒಂದು ಸುದ್ದಿ ಇದ್ದೇ ಇರುತ್ತದೆ: "ಮಂಗಳೂರಲ್ಲಿ ಒಂದು ಸಣ್ಣ ಫ್ಲ್ಯಾಟ್ ನೋಡಿ ಬಂದೆ." ಊರಲ್ಲಿ ಮನೆ ಇಲ್ಲದವರ ಮಾತಲ್ಲ ಇದು. ಊರಲ್ಲಿ ಹೆಂಚು ಇಳಿಸಿ ಟೆರೇಸ್ ಹಾಕಿ, ಕಾಂಪೌಂಡ್ ಕಟ್ಟಿ, ಗೇಟಿಗೆ ಬಣ್ಣ ಬಳಿದು ಆಗಿದೆ. ಗಲ್ಫಿನ ಮೊದಲ ಹತ್ತು ವರ್ಷದ ದುಡಿಮೆ ಆ ಮನೆಗೇ ಹೋಗಿದೆ. ಈಗ ಬೇಕಾಗಿರುವುದು ಎರಡನೆಯದು, ಪೇಟೆಯಲ್ಲಿ, ಸಣ್ಣದು.

ಆಸೆಯಲ್ಲಿ ತಪ್ಪೇನೂ ಇಲ್ಲ, ಕಾರಣಗಳೂ ಗಟ್ಟಿಯೇ. ಅಪ್ಪನನ್ನು ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ತೋರಿಸಬೇಕು. ಮಗಳು ಬರುವ ವರ್ಷ ಪಿಯುಸಿಗೆ ಸೇರುತ್ತಾಳೆ, ಹಾಸ್ಟೆಲಿಗೆ ಕಳಿಸಲು ಮನಸ್ಸಿಲ್ಲ. ವಾಪಸು ಹೋದ ಮೇಲೆ ಪೇಟೆಯಲ್ಲಿ ಏನಾದರೂ ಸಣ್ಣ ವ್ಯಾಪಾರ ಮಾಡುವ ಅಂದಾಜಿದೆ. ಇವೆಲ್ಲ ನಮಗೂ ಅರ್ಥವಾಗುವ ಕಾರಣಗಳೇ. ಆದರೆ ಊರಲ್ಲಿ ಬಾಗಿಲು ಹಾಕಿದ ಒಂದು ಮನೆ, ಪೇಟೆಯಲ್ಲಿ ಬಾಗಿಲು ಹಾಕಿದ ಇನ್ನೊಂದು ಮನೆ, ಇಲ್ಲಿ ಬೆಡ್‌ಸ್ಪೇಸಿನಲ್ಲಿ ನಾವು. ಹೀಗಾಗಿರುವ ಕುಟುಂಬಗಳು ನಮ್ಮ ನಡುವೆ ಕಡಿಮೆಯಿಲ್ಲ. ಹಾಗಾಗದೆ, ಕೊಂಡ ಮನೆ ನಿಜವಾಗಿ ಉಪಯೋಗಕ್ಕೆ ಬರಬೇಕಾದರೆ ಏನು ನೋಡಬೇಕು ಎಂಬುದು ಈ ತಿಂಗಳ ವಿಷಯ.

ನಮ್ಮ ಓದುಗರಲ್ಲಿ ಕರಾವಳಿಯವರು ಹೆಚ್ಚಾದ್ದರಿಂದ ಮಂಗಳೂರನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇವೆ. ಹುಬ್ಬಳ್ಳಿ, ಮೈಸೂರು, ಬೆಂಗಳೂರಿನಲ್ಲಿ ನೋಡುವವರಿಗೆ ಬಡಾವಣೆಗಳ ಹೆಸರು ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ.

ಅಲ್ಲಿ ರಾತ್ರಿ ಮಲಗುವವರು ಯಾರು?

ಬ್ರೋಷರ್ ನೋಡುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಆ ಮನೆಯಲ್ಲಿ ವರ್ಷಕ್ಕೆ ಯಾರು ಎಷ್ಟು ರಾತ್ರಿ ಮಲಗುತ್ತಾರೆ ಎಂದು ಬರೆಯಿರಿ. ನೀವು: ಎರಡು ವರ್ಷಕ್ಕೊಮ್ಮೆ ಸಿಗುವ ಅರವತ್ತು ದಿನದ ರಜೆ, ಅದರಲ್ಲೂ ಅರ್ಧ ಊರಿನ ಮನೆಯಲ್ಲಿ, ಉಳಿದದ್ದು ಮದುವೆ, ಗೃಹಪ್ರವೇಶ, ಹರಕೆ ಅಂತ ಓಡಾಟದಲ್ಲಿ. ಹೆಂಡತಿ, ಮಕ್ಕಳು: ಕಾಲೇಜು ಪೇಟೆಯಲ್ಲಾದರೆ ವರ್ಷಕ್ಕೆ ಇನ್ನೂರು ದಿನ. ಅಪ್ಪ, ಅಮ್ಮ: ಇಲ್ಲೇ ಲೆಕ್ಕ ತಪ್ಪುವುದು.

"ನಿಮಗೋಸ್ಕರವೇ ತಗೊಳ್ತಾ ಇದ್ದೇನೆ ಅಪ್ಪ" ಎಂದು ಫೋನಿನಲ್ಲಿ ಹೇಳಿದರೆ "ಆಯ್ತು ಮಗ, ನಿನಗೆ ಸರಿ ಕಂಡ ಹಾಗೆ ಮಾಡು" ಎಂದೇ ಅವರು ಹೇಳುತ್ತಾರೆ. ಬೇಡ ಅಂದರೆ ಮಗನಿಗೆ ಬೇಸರವಾದೀತು ಎಂಬ ಚಿಂತೆ ಅವರಿಗೆ. ಆದರೆ ಅಡಿಕೆ ತೋಟ, ದನ, ಕೋಳಿ, ಬೈಲಿನ ನೆರೆಹೊರೆ, ದೇವಸ್ಥಾನವೋ ಮಸೀದಿಯೋ ಇಗರ್ಜಿಯೋ, ಇಷ್ಟನ್ನೂ ಬಿಟ್ಟು ನಾಲ್ಕನೇ ಮಾಳಿಗೆಯಲ್ಲಿ ಬಾಲ್ಕನಿ ನೋಡುತ್ತಾ ಕೂರಲು ಎಪ್ಪತ್ತರ ಅಪ್ಪನಿಗೆ ಸಾಧ್ಯವಾ? ಎರಡು ದಿನ ಕಳೆದ ಮೇಲೆ "ತೋಟಕ್ಕೆ ನೀರು ಬಿಡಲು ಯಾರೂ ಇಲ್ಲ" ಎನ್ನುತ್ತಾ ಬಸ್ಸು ಹತ್ತುತ್ತಾರೆ. ಆದ್ದರಿಂದ ಫೋನಿನಲ್ಲಿ ಕೇಳಿ ತೀರ್ಮಾನಿಸಬೇಡಿ. ಊರಿಗೆ ಹೋದಾಗ ಅಮ್ಮನ ಹತ್ತಿರ ಬೇರೆಯಾಗಿ, ಅಪ್ಪನ ಹತ್ತಿರ ಬೇರೆಯಾಗಿ ಕೂತು ಕೇಳಿ. "ಬರುತ್ತೀರಾ" ಎಂದಷ್ಟೇ ಕೇಳಿದರೆ ಸಾಲದು. "ಅಲ್ಲಿ ಬೆಳಿಗ್ಗೆ ಎದ್ದು ಏನು ಮಾಡುತ್ತೀರಿ" ಎಂದು ಕೇಳಿ. ಆ ಉತ್ತರದಲ್ಲಿ ವಿಷಯ ಗೊತ್ತಾಗುತ್ತದೆ.

ಎಲ್ಲರ ರಾತ್ರಿಗಳನ್ನು ಕೂಡಿಸಿ ವರ್ಷಕ್ಕೆ ನೂರೈವತ್ತು ದಾಟಿದರೆ ಕೊಳ್ಳುವ ಮಾತು ಮುಂದುವರಿಸಬಹುದು ಎಂಬುದು ನಮ್ಮ ಅಭಿಪ್ರಾಯ. ಮೂವತ್ತು, ನಲವತ್ತರಲ್ಲೇ ನಿಂತರೆ ಮುಂದಿನ ಲೆಕ್ಕವನ್ನು ನಿಧಾನಕ್ಕೆ ಓದಿ.

ಒಂದು ರಾತ್ರಿಗೆ ಎಷ್ಟು ಬಿತ್ತು?

50 ಲಕ್ಷದ ಒಂದು ಸಣ್ಣ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ಕರ್ನಾಟಕದಲ್ಲಿ 45 ಲಕ್ಷಕ್ಕಿಂತ ಮೇಲಿನ ಮನೆಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6, ಅಂದರೆ 3,80,000 ರೂಪಾಯಿ. ಕಟ್ಟುತ್ತಿರುವ ಮನೆಯಾದರೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿ ಬೇರೆ. ಕಟ್ಟಿ ಮುಗಿದು ಪೂರ್ಣತಾ ಪತ್ರ ಸಿಕ್ಕಿದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಜಿಎಸ್‌ಟಿ ಇಲ್ಲದ್ದನ್ನೇ ಹಿಡಿದರೂ ಕೈಯಿಂದ ಹೋಗುವುದು 53.8 ಲಕ್ಷ.

ಇದೇ ಹಣ ಬ್ಯಾಂಕಿನಲ್ಲಿ ಶೇ 6.5 ಬಡ್ಡಿಗೆ ಇದ್ದರೆ ವರ್ಷಕ್ಕೆ ಸುಮಾರು 3.5 ಲಕ್ಷ ಬರುತ್ತದೆ. ಎನ್‌ಆರ್‌ಇ ಠೇವಣಿಯಾದರೆ ಅದಕ್ಕೆ ಭಾರತದಲ್ಲಿ ತೆರಿಗೆಯೂ ಇಲ್ಲ. ಫ್ಲ್ಯಾಟಿನ ಮೇಂಟೆನೆನ್ಸ್ ತಿಂಗಳಿಗೆ 2,500 ಎಂದರೆ ವರ್ಷಕ್ಕೆ 30,000. ಆಸ್ತಿ ತೆರಿಗೆ, ಕರೆಂಟಿನ ಕನಿಷ್ಠ ಬಿಲ್ಲು ಸೇರಿ ಇನ್ನೊಂದು 5,000. ಒಟ್ಟು 3.85 ಲಕ್ಷ. ವರ್ಷಕ್ಕೆ 30 ರಾತ್ರಿ ಮಲಗಿದರೆ ಒಂದು ರಾತ್ರಿಗೆ ಸುಮಾರು 12,800 ರೂಪಾಯಿ. ಆ ದುಡ್ಡಿಗೆ ಮಂಗಳೂರಿನ ಯಾವ ಹೋಟೆಲಿನಲ್ಲಾದರೂ ಆರಾಮವಾಗಿ ಇರಬಹುದು, ಬೆಳಿಗ್ಗೆ ನೀರ್‌ದೋಸೆಯೂ ಸಿಗುತ್ತದೆ. ಅದೇ ಮನೆಯಲ್ಲಿ ಮಗಳು, ಹೆಂಡತಿ 200 ರಾತ್ರಿ ಇದ್ದರೆ ರಾತ್ರಿಗೆ 1,925 ಆಯಿತು. ಆಗ ಅದು ದುಬಾರಿಯಲ್ಲ.

"ಬೆಲೆ ಏರುವುದಿಲ್ಲವಾ?" ಎಂದು ಕೇಳುತ್ತೀರಿ. ಏರಬಹುದು. ಆದರೆ ಒಂದು ಮಾತು ನೆನಪಿಡಿ: ಬೆಲೆ ಏರುವುದು ಜಾಗಕ್ಕೆ, ಕಟ್ಟಡಕ್ಕಲ್ಲ. ಕಟ್ಟಡ ವರ್ಷ ಹೋದಂತೆ ಹಳೆಯದಾಗುತ್ತದೆ. ಫ್ಲ್ಯಾಟಿನಲ್ಲಿ ನಿಮ್ಮ ಪಾಲಿಗೆ ಬರುವ ಜಾಗ ಸ್ವಲ್ಪವೇ. ಕ್ರಯಪತ್ರದಲ್ಲಿ ಅವಿಭಜಿತ ಭೂಮಿಯ ಪಾಲು ಎಷ್ಟು ಎಂದು ಬರೆದಿರುತ್ತದೆ. ಬೆಲೆ ಕೇಳುವಾಗ ಅದನ್ನೂ ಕೇಳಿ.

ಮೊದಲು ಒಂದು ವರ್ಷ ಬಾಡಿಗೆಗೆ

ಮನೆ ಕೊಳ್ಳುವ ಉತ್ಸಾಹದಲ್ಲಿ ಯಾರಿಗೂ ಹಿಡಿಸದ ಸಲಹೆ ಇದು. ಆದರೂ ಹೇಳುತ್ತೇವೆ. ಯಾವ ಏರಿಯಾದಲ್ಲಿ ಕೊಳ್ಳಬೇಕೆಂದು ಇದ್ದೀರೋ ಅಲ್ಲೇ ಸಣ್ಣ ಮನೆಯೊಂದನ್ನು 11 ತಿಂಗಳಿಗೆ ಬಾಡಿಗೆಗೆ ಹಿಡಿಯಿರಿ. ಬಾಡಿಗೆ 14,000 ಎಂದರೂ ವರ್ಷಕ್ಕೆ 1,68,000. ಮೇಲಿನ 3.85 ಲಕ್ಷದ ಅರ್ಧವೂ ಆಗುವುದಿಲ್ಲ. ಅಪ್ಪ, ಅಮ್ಮ ನಿಜವಾಗಿ ಬಂದು ನಿಲ್ಲುತ್ತಾರಾ, ಮಗಳಿಗೆ ಕಾಲೇಜಿನ ಬಸ್ಸು ಸರಿಯಾಗಿ ಸಿಗುತ್ತದಾ, ಬೇಸಿಗೆಯಲ್ಲಿ ನೀರು ಬರುತ್ತದಾ, ಎಲ್ಲ ಗೊತ್ತಾಗುತ್ತದೆ. ಮಗಳು ಪಿಯುಸಿ ಮುಗಿಸಿ ಇಂಜಿನಿಯರಿಂಗಿಗೆ ಬೆಂಗಳೂರಿಗೆ ಹೋದರೆ ಬೀಗ ವಾಪಸು ಕೊಟ್ಟು ಬಂದರಾಯಿತು. ಎರಡು ವರ್ಷದ ಅಗತ್ಯಕ್ಕೆ ಇಪ್ಪತ್ತು ವರ್ಷದ ಮನೆ ಬೇಕಾಗಿಲ್ಲ.

ಸಣ್ಣದು ಎಂದರೆ ಎಷ್ಟು?

ಬಿಲ್ಡರ್ ಹೇಳುವ ಚದರಡಿ ಒಂದು, ಕಾಲಿಟ್ಟು ನಡೆಯಲು ಸಿಗುವ ಚದರಡಿ ಇನ್ನೊಂದು. "ಸೂಪರ್ ಬಿಲ್ಟ್‌ಅಪ್ 1,000" ಎಂದರೆ ಮೆಟ್ಟಿಲು, ಲಿಫ್ಟು, ಕಾರಿಡಾರ್ ಎಲ್ಲದರ ಪಾಲೂ ಸೇರಿರುತ್ತದೆ. ಒಳಗೆ ಸಿಗುವುದು ಸುಮಾರು 700. 2016ರ ರೇರಾ ಕಾಯ್ದೆ ಪ್ರಕಾರ ಕಾರ್ಪೆಟ್ ಏರಿಯಾ ಅಂದರೆ ಗೋಡೆಯೊಳಗೆ ಬಳಸಲು ಸಿಗುವ ಜಾಗ. ಒಳಗಿನ ಅಡ್ಡಗೋಡೆ ಸೇರುತ್ತದೆ, ಹೊರಗೋಡೆ, ಬಾಲ್ಕನಿ, ಪೈಪಿನ ಡಕ್ಟ್ ಸೇರುವುದಿಲ್ಲ. ಎರಡು ಫ್ಲ್ಯಾಟ್ ಹೋಲಿಸುವಾಗ ಬೆಲೆಯನ್ನು ಕಾರ್ಪೆಟ್ ಏರಿಯಾದಿಂದ ಭಾಗಿಸಿ ನೋಡಿ. ಸೋವಿ ಎಂದು ಕಂಡದ್ದು ಕೆಲವು ಸಲ ದುಬಾರಿ ಎಂದು ಗೊತ್ತಾಗುತ್ತದೆ.

ಎರಡನೇ ಮನೆಗೆ 600, 650 ಚದರಡಿ ಕಾರ್ಪೆಟ್‌ನ ಎರಡು ಕೋಣೆಯ ಮನೆ ಧಾರಾಳ ಸಾಕು. ಒಬ್ಬರೋ ಇಬ್ಬರೋ ಇರುವುದಾದರೆ ಒಂದು ಕೋಣೆಯ ಮನೆಯೂ ಸಾಕು. ಒಂದು ರೂಮಿನಲ್ಲಿ ಆರು ಜನ ಇದ್ದು, ಪಾಳಿಯಲ್ಲಿ ಅಡುಗೆ ಮಾಡಿ, ಮಂಚದ ಕೆಳಗೆ ಸಂಸಾರ ಇಟ್ಟುಕೊಂಡ ನಮಗೆ ಜಾಗದ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. "ನೆಂಟರು ಬಂದರೆ?" ಎಂದು ಮೂರನೇ ಕೋಣೆ ಸೇರಿಸಬೇಡಿ. ನೆಂಟರಿಗೆ ಊರಿನ ದೊಡ್ಡ ಮನೆ ಇದ್ದೇ ಇದೆ.

ಕಡಿತ ಮಾಡಬಾರದ್ದು ಬೇರೆ ಉಂಟು. ವಯಸ್ಸಾದವರಿಗೆ ಎಂದರೆ ಲಿಫ್ಟ್ ಇರಲೇಬೇಕು, ಕರೆಂಟ್ ಹೋದಾಗ ಆ ಲಿಫ್ಟಿಗೆ ಜನರೇಟರ್ ಇರಬೇಕು. ಲಿಫ್ಟಿನೊಳಗೆ ಸ್ಟ್ರೆಚರ್ ಹಿಡಿಯುತ್ತದಾ ನೋಡಿ. ಹಳೆಯ ಎಷ್ಟೋ ಕಟ್ಟಡಗಳಲ್ಲಿ ಹಿಡಿಯುವುದಿಲ್ಲ, ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕಾಗುತ್ತದೆ. ಬಾತ್‌ರೂಮಿನ ಬಾಗಿಲಲ್ಲಿ ಗಾಲಿಕುರ್ಚಿ ದಾಟಬೇಕು, ನೆಲ ಜಾರಬಾರದು, ಕಮೋಡ್ ಪಕ್ಕ ಹಿಡಿಕೆ ಹಾಕಲು ಗಟ್ಟಿ ಗೋಡೆ ಇರಬೇಕು. ಈಜುಕೊಳ, ಜಿಮ್, ಪಾರ್ಟಿ ಹಾಲ್ ಇವೆಲ್ಲ ತಿಂಗಳ ಮೇಂಟೆನೆನ್ಸ್ ಏರಿಸುತ್ತವೆ, ಅಪ್ಪ, ಅಮ್ಮ ಅತ್ತ ಹೋಗುವುದೂ ಇಲ್ಲ.

ಊರು ಯಾವ ದಿಕ್ಕಿಗೋ ಮನೆ ಆ ದಿಕ್ಕಿಗೆ

"ಕದ್ರಿಯಲ್ಲಿ ತಗೊಂಡೆ" ಎಂದು ಹೇಳಿಕೊಳ್ಳಲು ಚಂದವೇ. ಆದರೆ ಎರಡನೇ ಮನೆಯ ಬಳಕೆ ಏನಿದ್ದರೂ ಊರಿಗೂ ಪೇಟೆಗೂ ನಡುವಿನ ಓಡಾಟದ್ದು. ಪುತ್ತೂರು, ಬಂಟ್ವಾಳ, ಬೆಳ್ತಂಗಡಿ ಕಡೆಯವರಿಗೆ ಪಡೀಲ್, ಪಂಪ್‌ವೆಲ್, ಕಂಕನಾಡಿ ಸುತ್ತಮುತ್ತ ಅನುಕೂಲ, ಮಂಗಳೂರು ಜಂಕ್ಷನ್ ರೈಲು ನಿಲ್ದಾಣವೂ ಅಲ್ಲೇ ಹತ್ತಿರ. ಮೂಡುಬಿದಿರೆ, ಕಾರ್ಕಳದವರಿಗೆ ಕುಲಶೇಖರ, ನಂತೂರು. ಮೂಲ್ಕಿ, ಪಡುಬಿದ್ರಿ, ಉಡುಪಿ ಕಡೆಯವರಿಗೆ ಸುರತ್ಕಲ್, ಕೂಳೂರು, ಕೊಟ್ಟಾರ. ಉಳ್ಳಾಲ, ಮಂಜೇಶ್ವರ ಕಡೆಯವರಿಗೆ ತೊಕ್ಕೊಟ್ಟು, ದೇರಳಕಟ್ಟೆ. ದೇರಳಕಟ್ಟೆಯಲ್ಲಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಿವೆ, ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯ. ಸುರತ್ಕಲ್‌ನಲ್ಲಿ ಎನ್‌ಐಟಿಕೆ. ಇಂಥ ಕಡೆ ನಿಮಗೆ ಮನೆ ಬೇಡವಾದಾಗ ಬಾಡಿಗೆದಾರರೂ ಸುಲಭವಾಗಿ ಸಿಗುತ್ತಾರೆ.

ಊರಿನ ಬಸ್ಸು ಇಳಿದು ಮತ್ತೊಂದು ಬಸ್ಸು ಹಿಡಿಯದೆ, ಒಂದು ರಿಕ್ಷಾದಲ್ಲಿ ಮನೆ ಮುಟ್ಟುವಂತಿದ್ದರೆ ಅಮ್ಮ ಒಬ್ಬರೇ ಬಂದು ಹೋಗಬಲ್ಲರು. ಯಾರಾದರೂ ಕಾರಿನಲ್ಲಿ ಕರೆತರಬೇಕು ಎಂದಾದರೆ ಆ ಮನೆಗೆ ಅವರು ಬರುವುದು ವರ್ಷಕ್ಕೆ ನಾಲ್ಕು ಸಲ. ಅಂಗಡಿ, ಮೆಡಿಕಲ್, ಮೀನು ಮಾರ್ಕೆಟ್, ಪ್ರಾರ್ಥನೆಗೆ ಹೋಗುವ ಜಾಗ ನಡೆದು ಹೋಗುವಷ್ಟು ದೂರದಲ್ಲಿರಲಿ. ಮಂಗಳೂರು ಗುಡ್ಡದ ಊರು. ನಕ್ಷೆಯಲ್ಲಿ ಮುನ್ನೂರು ಮೀಟರ್ ಎಂದಿರುವುದು ಕಾಲಿಗೆ ಏರು ದಾರಿಯಾಗಿರುತ್ತದೆ. ನಡೆದೇ ನೋಡಿ.

ಮಳೆಗಾಲದಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ

ನಮ್ಮಲ್ಲಿ ಹೆಚ್ಚಿನವರು ಡಿಸೆಂಬರ್, ಜನವರಿಯಲ್ಲಿ ಊರಿಗೆ ಹೋಗುವವರು. ಆಗ ಎಲ್ಲ ಮನೆಯೂ ಚಂದವೇ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಕೊಟ್ಟಾರ ಚೌಕಿಯಂಥ ಕಡೆ ದೊಡ್ಡ ಮಳೆಗೆ ರಸ್ತೆಯೇ ತೋಡು. ನೀವು ಹೋಗಲಾಗದಿದ್ದರೆ ಜುಲೈಯಲ್ಲಿ ತಮ್ಮನನ್ನೋ ಭಾವನನ್ನೋ ಕಳಿಸಿ ವಿಡಿಯೋ ತರಿಸಿಕೊಳ್ಳಿ. ಪಡುವಣ ಗೋಡೆಯ ಒಳಬದಿ ಒದ್ದೆಯಾಗಿದೆಯಾ, ಕಿಟಕಿ ಮೇಲೆ ಸರಿಯಾದ ಸಜ್ಜಾ ಉಂಟಾ, ಕೆಳಗಿನ ಪಾರ್ಕಿಂಗಿನಲ್ಲಿ ನೀರು ನಿಲ್ಲುತ್ತದಾ. ಗುಡ್ಡ ಕಡಿದು ಕಟ್ಟಿದ ಕಟ್ಟಡವಾದರೆ ಹಿಂದಿನ ತಡೆಗೋಡೆಯಲ್ಲಿ ನೀರು ಹೊರಹೋಗಲು ತೂತುಗಳಿವೆಯಾ ಎಂದೂ ನೋಡಲಿ. ಕೊನೆಯ ಮಾಳಿಗೆ ಸ್ವಲ್ಪ ಸೋವಿಗೆ ಸಿಗುತ್ತದೆ. ಮಳೆಗೆ ಸೋರುವುದೂ, ಮೇ ತಿಂಗಳಲ್ಲಿ ಕಾಯುವುದೂ ಅದೇ. ಕಡಲ ಹತ್ತಿರದ್ದಾದರೆ ಉಪ್ಪುಗಾಳಿಗೆ ಗ್ರಿಲ್ಲು, ಏಸಿ ಬೇಗ ತುಕ್ಕು ಹಿಡಿಯುತ್ತವೆ.

ಆರು ತಿಂಗಳು ಬಾಗಿಲು ಹಾಕಿದ ಮನೆಗೆ ಕರಾವಳಿಯಲ್ಲಿ ಬೂಸು ಹಿಡಿಯದೆ ಇರುವುದಿಲ್ಲ. ಹಾಸಿಗೆ, ಬಟ್ಟೆ, ಮರದ ಕಪಾಟು ಎಲ್ಲಕ್ಕೂ. ವಾರಕ್ಕೊಮ್ಮೆ ಕಿಟಕಿ ತೆರೆದು ಗಾಳಿ ಆಡಿಸಲು ಯಾರಿದ್ದಾರೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಏಪ್ರಿಲ್, ಮೇಯಲ್ಲಿ ನೋಡಬೇಕಾದ್ದು ನೀರು. ನಗರಕ್ಕೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಮಳೆ ತಡವಾದ ವರ್ಷ ರೇಷನಿಂಗ್ ಶುರುವಾಗುತ್ತದೆ, 2016ರಲ್ಲಿ, 2019ರಲ್ಲಿ ಆಗಿತ್ತು. ಕಟ್ಟಡಕ್ಕೆ ಸ್ವಂತ ಬಾವಿ ಉಂಟಾ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರಾ, ಅದರ ಖರ್ಚು ಯಾರ ತಲೆಗೆ ಎಂದು ವಾಚ್‌ಮನ್ ಹತ್ತಿರ ಕೇಳಿ. ಬಿಲ್ಡರಿಗಿಂತ ಸರಿಯಾದ ಉತ್ತರ ಅವನಲ್ಲಿ ಸಿಗುತ್ತದೆ.

ಸಾಲದ ವಯಸ್ಸು, ವೀಸಾದ ವಯಸ್ಸು

ನಮ್ಮ ವೀಸಾ ಕೆಲವು ದೇಶಗಳಲ್ಲಿ ಎರಡು ವರ್ಷಕ್ಕೊಮ್ಮೆ, ಕೆಲವು ಕಡೆ ವರ್ಷಕ್ಕೊಮ್ಮೆ ನವೀಕರಣ. ಬ್ಯಾಂಕಿನ ಸಾಲ ಹದಿನೈದು, ಇಪ್ಪತ್ತು ವರ್ಷದ್ದು. ಈ ಎರಡರ ನಡುವಿನ ಅಂತರವೇ ನಮ್ಮ ದೊಡ್ಡ ಅಪಾಯ. ಕಂಪನಿ ಮುಚ್ಚಿದರೆ, ಆರೋಗ್ಯ ಕೈಕೊಟ್ಟರೆ ಸಂಬಳ ನಿಲ್ಲುತ್ತದೆ, ಇಎಂಐ ನಿಲ್ಲುವುದಿಲ್ಲ.

30 ಲಕ್ಷ ಸಾಲ, ಶೇ 9 ಬಡ್ಡಿ, 15 ವರ್ಷ ಎಂದರೆ ತಿಂಗಳಿಗೆ ಸುಮಾರು 30,430 ರೂಪಾಯಿ. ಒಟ್ಟು ಕಟ್ಟುವುದು 54.77 ಲಕ್ಷ. ಅದನ್ನೇ 10 ವರ್ಷಕ್ಕೆ ಮಾಡಿದರೆ ತಿಂಗಳಿಗೆ ಸುಮಾರು 38,000, ಒಟ್ಟು 45.6 ಲಕ್ಷ. ತಿಂಗಳಿಗೆ ಏಳೂವರೆ ಸಾವಿರ ಹೆಚ್ಚು ಕಟ್ಟಿದರೆ ಒಂಬತ್ತು ಲಕ್ಷಕ್ಕೂ ಹೆಚ್ಚು ಉಳಿತಾಯ, ಐದು ವರ್ಷದ ಬಿಡುಗಡೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಆದ್ದರಿಂದ ಓವರ್‌ಟೈಮ್, ಬೋನಸ್ ಬಂದಾಗಲೆಲ್ಲ ಅಸಲಿಗೆ ಕಟ್ಟುತ್ತಾ ಬನ್ನಿ.

"ಕೊನೆಗೆ ಗ್ರಾಚ್ಯುಟಿ ಬರುತ್ತದಲ್ಲ" ಎಂಬ ಧೈರ್ಯದ ಮೇಲೆ ಸಾಲ ಮಾಡುವವರೂ ಇದ್ದಾರೆ. ಯುಎಇಯಲ್ಲಿ ಅದರ ಲೆಕ್ಕ ಮೂಲ ವೇತನದ ಮೇಲೆ: ಮೊದಲ 5 ವರ್ಷ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ 30 ದಿನದ್ದು. ಅಲೋವೆನ್ಸ್ ಸೇರುವುದಿಲ್ಲ. ಕಾಂಟ್ರ್ಯಾಕ್ಟಿನಲ್ಲಿ ಮೂಲ ವೇತನ ಎಷ್ಟು ಎಂದು ನೋಡಿ ಲೆಕ್ಕ ಹಾಕಿದರೆ ಕೆಲವರಿಗೆ ನಿದ್ದೆ ಬಾರದು.

ನಾವು ಹೇಳುವುದು ಇಷ್ಟು: ಸಾಲದ ಕಂತು ಸಂಬಳದ ಕಾಲು ಭಾಗ ದಾಟಬಾರದು. ಹನ್ನೆರಡು ತಿಂಗಳ ಕಂತಿನಷ್ಟು ಹಣ ಠೇವಣಿಯಲ್ಲಿ ಬೇರೆ ಇರಬೇಕು. ಇವೆರಡೂ ಆಗುವುದಿಲ್ಲ ಎಂದಾದರೆ ಮನೆ ಸಣ್ಣದು ಮಾಡಿ, ಇಲ್ಲವೇ ಎರಡು ವರ್ಷ ಕಾಯಿರಿ. ಊರಿನ ಮನೆ ಇರುವಾಗ ಪೇಟೆಯ ಮನೆಗೆ ತುರ್ತು ಎಂಬುದು ಇಲ್ಲ. ಅದೇ ಸಾಲಕ್ಕೆ ಊರಿನ ಜಾಗವನ್ನು ಅಡವಿಡುವ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ.

ಕಾಗದಪತ್ರ: ವಕೀಲರ ಫೀಸು ಉಳಿಸಬೇಡಿ

ಎನ್‌ಆರ್‌ಐಗಳು ಭಾರತದಲ್ಲಿ ವಾಸದ ಮನೆ ಕೊಳ್ಳಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಡ. ಆದರೆ ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬರಬಹುದು ಅಷ್ಟೇ. ಪೇಟೆ ಹೊರಗೆ ಐದು ಸೆಂಟ್ಸ್ ಜಾಗ ನೋಡುವವರು ಭೂಪರಿವರ್ತನೆ ಆಗಿದೆಯಾ ಎಂದು ಮೊದಲು ನೋಡಿ. ಹಣ ಬ್ಯಾಂಕಿನ ಮೂಲಕವೇ, ನಿಮ್ಮ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ ಹೋಗಬೇಕು. ಉಂಡಿ ಹಣದಲ್ಲಿ, ಕೈಯಲ್ಲಿ ಕೊಟ್ಟ ನೋಟಿನಲ್ಲಿ ಕೊಂಡ ಮನೆಗೆ ಮುಂದೆ ಮಾರುವಾಗ ಲೆಕ್ಕ ಹೇಳಲು ಆಗುವುದಿಲ್ಲ.

ಇಲ್ಲಿ ಹೋಟೆಲುಗಳಲ್ಲಿ ನಡೆಯುವ ಪ್ರಾಪರ್ಟಿ ಶೋಗಳಲ್ಲಿ "ಇವತ್ತೇ ಬುಕ್ ಮಾಡಿದರೆ ರಿಯಾಯಿತಿ" ಎನ್ನುತ್ತಾರೆ. ಬಿರಿಯಾನಿ ತಿಂದು ಬನ್ನಿ, ಚೆಕ್ಕು ಕೊಡಬೇಡಿ. ಜಾಗ 500 ಚದರ ಮೀಟರಿಗಿಂತ ಹೆಚ್ಚಿದ್ದರೆ, ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿದ್ದರೆ ಹೊಸ ಯೋಜನೆಗೆ ರೇರಾ ನೋಂದಣಿ ಕಡ್ಡಾಯ. ಆ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ ನೀವೇ ನೋಡಬಹುದು. ಕರಾರು ಪತ್ರ ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ.

ಕಟ್ಟಿ ಮುಗಿದ ಮನೆಯಾದರೆ ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಒಸಿ, ಕೇಳಿ. ಒಸಿ ಅಥವಾ ಪೂರ್ಣತಾ ಪತ್ರ ನೋಡಿಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇ-ಖಾತೆ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಋಣಭಾರ ಪತ್ರ, ಅಂದರೆ ಇಸಿ, ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಮಂಗಳೂರು, ಉಡುಪಿಯ ಹಳೆಯ ಜಾಗಗಳಲ್ಲಿ ಮೂಲಗೇಣಿ ಹಕ್ಕಿನ ತೊಡಕು ಇರುವುದುಂಟು. ಇದನ್ನು ಊರಿನ ವಕೀಲರಷ್ಟೇ ಹಿಡಿಯಬಲ್ಲರು. ಬಿಲ್ಡರ್ ತೋರಿಸಿದ ವಕೀಲರ ಹತ್ತಿರ ಹೋಗದೆ ನೀವೇ ಒಬ್ಬರನ್ನು ಗೊತ್ತುಮಾಡಿ.

ಹಳೆ ಫ್ಲ್ಯಾಟ್ ಕೊಳ್ಳುವವರಿಗೆ ಇನ್ನೊಂದು ಎಚ್ಚರ. ಮಾರುವವರು ಭಾರತದಲ್ಲೇ ಇರುವವರಾದರೆ, ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ, ಶೇ 1 ಟಿಡಿಎಸ್ ಹಿಡಿದು ಕಟ್ಟಬೇಕು. ಮಾರುವವರೂ ನಮ್ಮಂತೆ ಎನ್‌ಆರ್‌ಐ ಆದರೆ, ಮಂಗಳೂರಿನಲ್ಲಿ ಅದು ಸಾಮಾನ್ಯ, ಬೆಲೆ ಎಷ್ಟೇ ಇರಲಿ ಟಿಡಿಎಸ್ ಹಿಡಿಯಬೇಕು, ದರವೂ ತುಂಬಾ ಹೆಚ್ಚು. ಹಿಡಿಯದಿದ್ದರೆ ಹೊಣೆ ಕೊಂಡವರದ್ದು. ಹಣ ಕೊಡುವ ಮೊದಲೇ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರನ್ನು ಕೇಳಿ. ಮುಂದೆ ನೀವು ಬಾಡಿಗೆಗೆ ಕೊಟ್ಟಾಗ ಬಾಡಿಗೆದಾರರೂ ಶೇ 30 ಮತ್ತು ಸೆಸ್ ಹಿಡಿಯಬೇಕು. ರಿಟರ್ನ್ ಸಲ್ಲಿಸಿ, ನಿಮ್ಮ ತೆರಿಗೆಗಿಂತ ಹೆಚ್ಚು ಹಿಡಿದದ್ದನ್ನು ವಾಪಸು ಪಡೆಯಬಹುದು.

ಯಾರ ಹೆಸರಿಗೆ, ಯಾರ ಕೈಗೆ

ನೋಂದಣಿಗೆ ರಜೆ ಸಿಗದಿದ್ದರೆ ಪವರ್ ಆಫ್ ಅಟಾರ್ನಿ ಕೊಡಬೇಕಾಗುತ್ತದೆ. ಆಗ ಆ ಒಂದು ಮನೆಯ ಒಂದು ಕೆಲಸಕ್ಕೆ ಮಾತ್ರ ಎಂದು ಬರೆಸಿ. ಎಲ್ಲ ಆಸ್ತಿ, ಎಲ್ಲ ಅಧಿಕಾರ ಎಂಬ ಜನರಲ್ ಪವರ್ ಬೇಡ, ಕೊಡುವುದು ಸ್ವಂತ ಅಣ್ಣನಿಗೇ ಆದರೂ. ಇದು ಅನುಮಾನದ ಮಾತಲ್ಲ, ಅಣ್ಣ ತಮ್ಮಂದಿರ ಸಂಬಂಧ ಚಂದ ಉಳಿಯಲೆಂದೇ ಹೇಳುವುದು. ಇಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ. ಪತ್ರ ಕರ್ನಾಟಕ ಮುಟ್ಟಿದ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಪವರ್ ಆಫ್ ಅಟಾರ್ನಿ ಮೇಲೆಯೇ ಮನೆ "ಮಾರುತ್ತೇನೆ" ಎನ್ನುವವರಿಂದ ದೂರ ಇರಿ. ಅದರಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಹೆಸರು ಗಂಡ ಹೆಂಡತಿ ಇಬ್ಬರದೂ ಇರಲಿ. ನಾವು ಇಲ್ಲಿ ಇರುವಾಗ ಏನಾದರೂ ಆದರೆ ಅಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುವವಳು ಅವಳು. ಸೊಸೈಟಿಯಲ್ಲಿ ನಾಮಿನಿ ಎಂದು ಬರೆಸಿದ ಮಾತ್ರಕ್ಕೆ ಮನೆ ನಾಮಿನಿಯದ್ದಾಗುವುದಿಲ್ಲ. ಉಯಿಲು, ಉತ್ತರಾಧಿಕಾರದ ನಿಯಮ ಅವರವರ ಧರ್ಮಕ್ಕೆ ಬೇರೆ ಬೇರೆ. ಮನೆಯ ಕಾಗದ ನೋಡುವ ವಕೀಲರ ಹತ್ತಿರ ಅದನ್ನೂ ಅದೇ ದಿನ ಕೇಳಿಕೊಳ್ಳಿ.

ಕೊನೆಗೆ

ಊರಿನ ಮನೆಯನ್ನು ನಾವು ಊರಿನವರ ಕಣ್ಣಿಗೂ ಸ್ವಲ್ಪ ಕಟ್ಟಿದ್ದುಂಟು. ಗಲ್ಫಿಗೆ ಹೋದವನ ಮನೆ ಎಂದು ಗೊತ್ತಾಗಬೇಕಿತ್ತು. ಪೇಟೆಯ ಮನೆಗೆ ಆ ಭಾರ ಬೇಡ. ಅದು ಅಪ್ಪನ ಡಯಾಲಿಸಿಸಿಗೆ, ಮಗಳ ಪರೀಕ್ಷೆಗೆ, ನಾಳೆ ವಾಪಸು ಹೋದ ಮೇಲೆ ನಮ್ಮ ಸಣ್ಣ ದುಡಿಮೆಗೆ ಒದಗಿದರೆ ಸಾಕು. ಅಂಥ ಬಳಕೆ ಇದೆ ಎಂದಾದರೆ ಧೈರ್ಯವಾಗಿ ಕೊಳ್ಳಿ, ಸಣ್ಣದನ್ನೇ ಕೊಳ್ಳಿ. ಇಲ್ಲವಾದರೆ ಹಣ ಠೇವಣಿಯಲ್ಲಿರಲಿ, ಬೇಕಾದಾಗ ಬಾಡಿಗೆಗೆ ಹಿಡಿದರಾಯಿತು.

ಈ ವಾರ ಫೋನು ಮಾಡುವಾಗ ಮನೆಯವರೆಲ್ಲ ಸೇರಿ ಆ ರಾತ್ರಿಗಳ ಲೆಕ್ಕವನ್ನೊಮ್ಮೆ ಬರೆಯಿರಿ. ಮುಂದಿನ ತಿಂಗಳು: ಊರಿನಲ್ಲಿ ಖಾಲಿ ಬಿದ್ದಿರುವ ದೊಡ್ಡ ಮನೆಯನ್ನು ಮಳೆಗಾಲದಲ್ಲಿ ನೋಡಿಕೊಳ್ಳುವುದು ಹೇಗೆ.